5 ಪರ್ಸೆಂಟಿಗೆ ಜಿಗಿಯುವ ಸ್ಪಾಟ್ 50ಕ್ಕೆ ಯಾಕೆ ಮೊಂಡಾಗುತ್ತದೆ?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ತೊಗರಿ ಹೊಟ್ಟಿನ ಸಾರವನ್ನು ಟಿಎಲ್‌ಸಿ ಪ್ಲೇಟಿನಲ್ಲಿ (ಸಿಲಿಕಾ ಪುಡಿ ಬಳಿದ ಪ್ಲೇಟು; ದ್ರಾವಕ ಅದರ ಮೇಲೆ ಏರುತ್ತಾ ಸಾರದ ಸ್ಪಾಟನ್ನು ಒಯ್ಯುತ್ತದೆ) ಓಡಿಸುತ್ತಿದ್ದೇನೆ. ಬರೀ ಹೆಕ್ಸೇನ್ ಹಾಕಿದರೆ ಸ್ಪಾಟ್ ಕದಲುವುದಿಲ್ಲ. 5% ಈಥೈಲ್ ಅಸಿಟೇಟ್ ಸೇರಿಸಿದರೆ ಜಿಗಿಯುತ್ತದೆ. ಆದರೆ 40ರಿಂದ 50%ಗೆ ಏರಿಸಿದರೆ ಹೆಚ್ಚೇನೂ ಆಗುವುದಿಲ್ಲ. ಯಾಕೆ?

ಉತ್ತರ: ಆಳಂದದ ಬಸ್ಸು ಬಂದಾಗ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನೋಡಿದ್ದೀರಿ ಅಲ್ವಾ? ಸಿಲಿಕಾ ಮೇಲೆ ನಡೆಯುವುದೂ ಅದೇ. ಸಿಲಿಕಾದ ಮೈಮೇಲಿರುವ ಸಿಲನಾಲ್ (Si–OH) ಗುಂಪುಗಳೇ ಸೀಟು. ಹೆಕ್ಸೇನ್ ಯಾರು ಬಂದರೂ ಸುಮ್ನೆ ಎದ್ದು ಕೊಡುತ್ತದೆ. ಹಾಗಾಗಿ ನಿಮ್ಮ ಪದಾರ್ಥ ಆರಾಮಾಗಿ ಕೂತುಬಿಡುತ್ತದೆ. ಈಥೈಲ್ ಅಸಿಟೇಟ್ ಹಾಗಲ್ಲ, ಟವೆಲ್ ಹಾಕುವ ಪೈಕಿ. ದ್ರವದಲ್ಲಿ ಅದು 5% ಇದ್ದರೂ ಸೀಟುಗಳಲ್ಲಿ ಅದರ ಪಾಲು ಬಹಳ ಜಾಸ್ತಿ. ಅದಕ್ಕೇ ಮಿಶ್ರಣದ ಬಲ ಎರಡರ ಸರಾಸರಿ ಅಲ್ಲ.

ಒಂದು ಅಣು ಕೂರಬೇಕಾದರೆ ಇನ್ನೊಂದು ಏಳಬೇಕು. 1960ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲಾಯ್ಡ್ ಸ್ನೈಡರ್ ಇದನ್ನು ಲೆಕ್ಕಕ್ಕೆ ತಂದರು. 1969ರಲ್ಲಿ ಪೋಲೆಂಡಿನ ಸೊಚೆವಿನ್‌ಸ್ಕಿ ಸೂತ್ರವನ್ನು ಇನ್ನೂ ಸರಳ ಮಾಡಿದರು: ಲಾಗ್ ಕೆ = ಸ್ಥಿರಾಂಕ − ಎನ್ × ಲಾಗ್ ಎಕ್ಸ್. ಕೆ ಅಂದರೆ ಹಿಡಿತ. ಎಕ್ಸ್ ಅಂದರೆ ಬಲವಾದ ದ್ರಾವಕದ (ಇಲ್ಲಿ ಈಥೈಲ್ ಅಸಿಟೇಟ್) ಮೋಲ್ ಭಾಗ, ಅಂದರೆ ಮಿಶ್ರಣದ ಒಟ್ಟು ಅಣುಗಳಲ್ಲಿ ಅದರ ಪಾಲು. ಎನ್ ಅಂದರೆ, ಸುಮಾರಾಗಿ, ನಿಮ್ಮ ಅಣು ಎಷ್ಟು ಸೀಟು ಹಿಡಿದಿದೆ ಅನ್ನುವುದು.

ಈಗ ನೋಡಿ, ಲೆಕ್ಕ ಇರುವುದು ಪಟ್ಟಿನಲ್ಲಿ, ಪರ್ಸೆಂಟಿನಲ್ಲಲ್ಲ. 5ರಿಂದ 10ಕ್ಕೆ ಹೋದರೆ ಎಕ್ಸ್ ಹೆಚ್ಚುಕಡಿಮೆ ಎರಡು ಪಟ್ಟು. 40ರಿಂದ 50ಕ್ಕೆ ಒಂದೂಕಾಲು ಪಟ್ಟೂ ಆಗುವುದಿಲ್ಲ. 5%ನಲ್ಲಿ ಎರಡು ಪದಾರ್ಥ ಒಟ್ಟಿಗೇ ಆರ್‌ಎಫ್ 0.2ರಲ್ಲಿ (ದ್ರಾವಕ ಏರಿದ ದೂರದ ಐದನೇ ಒಂದು ಭಾಗದಲ್ಲಿ) ನಿಂತಿವೆ ಅನ್ನಿ; ಆರ್‌ಎಫ್ = 1/(1+ಕೆ), ಅಂದರೆ ಕೆ 4. 10% ಮಾಡಿದಾಗ ಒಂದೇ ಸೀಟಿನದು 0.33ಕ್ಕೆ ಬರುತ್ತದೆ, ಎರಡು ಸೀಟಿನದು 0.5ಕ್ಕೆ. ಅಂಟಿಕೊಂಡಿದ್ದ ಸ್ಪಾಟ್‌ಗಳು ಬಿಡಿಬಿಡಿಯಾದವು! ಈ ಸೂತ್ರದಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ.

ನಮ್ಮೂರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇ ತಿಂಗಳಲ್ಲಿ ಪಾತ್ರೆ ತೆರೆದಿಟ್ಟರೆ ಹೆಕ್ಸೇನ್, ಈಥೈಲ್ ಅಸಿಟೇಟ್ ಎರಡೂ ಹಾರುತ್ತವೆ, ಆದರೆ ಒಂದೇ ವೇಗದಲ್ಲಲ್ಲ. ಬೆಳಿಗ್ಗೆಯ 5% ಸಂಜೆಗೆ 5 ಆಗಿರುವುದಿಲ್ಲ. ಬೆಳಿಗ್ಗೆ ಮಾಡಿದ ಮಿಶ್ರಣದಲ್ಲೇ ಸಂಜೆವರೆಗೆ ಓಡಿಸಿ ಪ್ಲೇಟಿಗೆ ಬೈದವನು ನಾನೂ ಹೌದು. ಮಳೆಗಾಲದಲ್ಲಿ ಕಾಟ ಬೇರೆ. ಗಾಳಿಯ ತೇವವೇ ಸೀಟು ಹಿಡಿದು ಕೂರುತ್ತದೆ, ಸ್ಪಾಟ್ ಮೇಲೇರುತ್ತದೆ. ಪ್ಲೇಟನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ, ಆಗಿಂದಾಗ ಮಾಡಿದ ಮಿಶ್ರಣದಲ್ಲಿ 2, 4, 8, 16% ಹೀಗೆ ಓಡಿಸಿ ನೋಡಿ.