ಆಲೂಗಡ್ಡೆ ಬೇಯುವಷ್ಟು ಹೊತ್ತು

ಓದುಗರ ಪತ್ರ: ಉಡುಪಿಯಲ್ಲಿ ಗೆಳೆಯರು ಕರೆದರೆಂದು ‘ಝಾನ್ ಡೀಲ್‌ಮನ್’ ಎಂಬ ಸಿನಿಮಾ ನೋಡಲು ಹೋಗಿದ್ದೆ. ಒಬ್ಬ ಹೆಂಗಸು ಆಲೂಗಡ್ಡೆ ಬೇಯಿಸುತ್ತಾಳೆ, ಸ್ನಾನದ ತೊಟ್ಟಿ ತೊಳೆಯುತ್ತಾಳೆ, ಮಗನಿಗೆ ಊಟ ಬಡಿಸುತ್ತಾಳೆ. ಇದನ್ನೆಲ್ಲ ಮನೆಯಲ್ಲಿ ದಿನಾ ನೋಡುತ್ತೇನೆ. ನಡುವೆ ನಿದ್ದೆಯೂ ಬಂತು. ಮೊದಲ ದಿನ ಮುಗಿಯಿತೆಂದು ಪರದೆಯ ಮೇಲೆ ಬಂದಾಗ ಎದ್ದು ಬಂದೆ. ನನಗೆ ಯೋಗ್ಯತೆ ಇಲ್ಲವೋ, ಹೊಗಳುವವರು ಸುಳ್ಳು ಹೇಳುತ್ತಾರೋ?
– ಬ್ರಹ್ಮಾವರದ ಓದುಗರೊಬ್ಬರು

ಪ್ರಿಯ ಓದುಗರೇ,

ಯೋಗ್ಯತೆಯ ಮಾತು ದಯವಿಟ್ಟು ಬೇಡ. ದಿನವಿಡೀ ದುಡಿದು ಬಂದವರಿಗೆ ಕತ್ತಲಲ್ಲಿ ಕಣ್ಣು ಎಳೆಯುವುದು ಸಹಜ. 2022ರಲ್ಲಿ ಬ್ರಿಟನ್ನಿನ ‘ಸೈಟ್ ಆಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ಮತ ಕೇಳಿದಾಗ ಈ ಚಿತ್ರ ಸಾರ್ವಕಾಲಿಕ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಗೆಳೆಯರು ಅದನ್ನೇ ಹೇಳಿ ಕರೆದೊಯ್ದಿದ್ದರೆ ನೀವು ಪರೀಕ್ಷೆಗೆ ಕೂತ ಹಾಗೆ ಕೂತಿರುತ್ತೀರಿ. ಹಾಗೆ ಕೂತವರಿಗೆ ಯಾವ ಸಿನಿಮಾವೂ ಕಾಣುವುದಿಲ್ಲ.

ನಮ್ಮ ಕಡೆಯವರಿಗೆ ತಾಳ್ಮೆ ಕಡಿಮೆ ಎಂದರೆ ನಾನು ಒಪ್ಪುವವನಲ್ಲ. ಯಕ್ಷಗಾನದ ಆಟದಲ್ಲಿ ಒಡ್ಡೋಲಗ, ಅಂದರೆ ಪಾತ್ರಗಳ ಪ್ರವೇಶದ ಕುಣಿತ, ನಡೆಯುವಷ್ಟು ಹೊತ್ತೂ ಕಥೆ ಇದ್ದಲ್ಲೇ ಇರುತ್ತದೆ, ಆದರೂ ಯಾರೂ ಗೊಣಗುವುದಿಲ್ಲ. ಹೆಜ್ಜೆಯನ್ನು ನೋಡಬೇಕು, ಚೆಂಡೆಗೆ ಅದು ಕೂಡಿತೋ ಇಲ್ಲವೋ ಗಮನಿಸಬೇಕು ಎಂಬುದು ಚಿಕ್ಕಂದಿನಿಂದಲೇ ಗೊತ್ತಿರುತ್ತದೆ. (ಆಟದ ನಡುವೆ ಎದ್ದು ಹೋಗಿ ಚಾ ಕುಡಿದು ಬರಬಹುದು, ಸಿನಿಮಾದಲ್ಲಿ ಆ ಸೌಕರ್ಯ ಇಲ್ಲ, ಅದೂ ನಿಜ.)

‘ಮನೆಯಲ್ಲಿ ದಿನಾ ನೋಡುತ್ತೇನೆ’ ಎಂದು ಬರೆದಿದ್ದೀರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲು. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಜಗಲಿಯ ಗೋಡೆಗೆ ಒರಗಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಸುರುಟಿ, ನೂಲು ಸುತ್ತಿ, ತುದಿ ಮಡಚುವುದು. ಮತ್ತೆ ಇನ್ನೊಂದು ಎಲೆ. ಪಕ್ಕದಲ್ಲೇ ಕೂತು ಮಗ್ಗಿ ಬರೆಯುತ್ತಿದ್ದ ನಾವು ಆ ಕೈಗಳನ್ನು ನೋಡಿದವರೇ ಅಲ್ಲ. ಒಂದು ಸಂಜೆ ಕತ್ತರಿಯ ಸದ್ದು ನಿಂತಿತು. ತಲೆ ಎತ್ತಿದರೆ, ಅಮ್ಮ ಆಗಲೇ ಕತ್ತರಿಸಿದ ಎಲೆಯನ್ನು ಮತ್ತೆ ಕೈಗೆತ್ತಿಕೊಂಡು ಸುಮ್ಮನೆ ನೋಡುತ್ತಿದ್ದರು. ಬೊಂಬಾಯಿಯ ಹೋಟೆಲಿನಲ್ಲಿದ್ದ ಅಪ್ಪನಿಂದ ಮನಿಯಾರ್ಡರ್ ಬಾರದೆ ಎರಡು ತಿಂಗಳಾಗಿತ್ತೆಂದು ನಮಗೆ ಗೊತ್ತಾದದ್ದು ಆಮೇಲೆ. ಅಮ್ಮ ಏನೂ ಹೇಳಲಿಲ್ಲ. ದಿನಾ ಕೇಳಿದ ಸದ್ದಾದ್ದರಿಂದಲೇ ಅದು ತಪ್ಪಿದ್ದು ನಮಗೆ ತಿಳಿಯಿತು.

ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್ 1975ರಲ್ಲಿ ಈ ಚಿತ್ರ ತಂದಾಗ ಅವರಿಗೆ ಇನ್ನೂ ಇಪ್ಪತ್ತೈದರ ಹರೆಯ. 201 ನಿಮಿಷ, ಬ್ರಸೆಲ್ಸಿನ ಒಂದು ಮನೆ, ಒಬ್ಬ ವಿಧವೆಯ ಮೂರು ದಿನ. ಕ್ಯಾಮೆರಾ ಇಟ್ಟಲ್ಲಿಂದ ಅಲುಗುವುದಿಲ್ಲ. ಮನೆಗೆಲಸದ ನಡುವೆ, ಮಧ್ಯಾಹ್ನಗಳಲ್ಲಿ, ಆಕೆ ಹಣಕ್ಕಾಗಿ ಗಂಡಸರನ್ನು ಮನೆಗೆ ಬರಗೊಡುತ್ತಾಳೆ. ಅದೂ ಪಾತ್ರೆ ತೊಳೆಯುವಷ್ಟೇ ಅಚ್ಚುಕಟ್ಟಾಗಿ ನಡೆಯುತ್ತದೆ. ಮೊದಲ ದಿನ ಪೂರ್ತಿ ಅಕರ್ಮನ್ ನಮಗೆ ಆ ಮನೆಯ ಸದ್ದನ್ನು ರೂಢಿ ಮಾಡಿಸುತ್ತಾರೆ: ದೀಪ ಹಾಕಿ ಆರಿಸುವುದು, ಬಾಗಿಲು ಮುಚ್ಚುವುದು, ಹಣವಿಡುವ ಪಾತ್ರೆಯ ಮುಚ್ಚಳ. ನೀವು ಅಷ್ಟನ್ನು ಕಲಿತು ಎದ್ದು ಬಂದಿರಿ. ನನಗೆ ಬೇಸರವಾದದ್ದು ಅದಕ್ಕೆ.

ನಿಧಾನವಾದದ್ದೆಲ್ಲ ಒಳ್ಳೆಯದು ಎಂದಲ್ಲ. ಕ್ಯಾಮೆರಾವನ್ನು ಮರದ ಮುಂದೆ ಇಟ್ಟು ಮರೆತಂಥ ಚಿತ್ರಗಳನ್ನು ಕಂಡು ನನಗೂ ಸಿಟ್ಟು ಬಂದಿದೆ. ಕಾದದ್ದಕ್ಕೆ ಏನು ಕಂಡಿತು ಎಂದು ಕೇಳುವ ಹಕ್ಕು ನಿಮಗೆ ಇದ್ದೇ ಇದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೋಡಿ. ಬಸಿರಾದ ವಿಧವೆ ಯಮುನಕ್ಕನ ಸಂಕಟವನ್ನು ನಾವು ವೇದ ಕಲಿಯಲು ಬಂದ ಪುಟ್ಟ ನಾಣಿಯ ಜೊತೆ ನಿಂತು ನೋಡುತ್ತೇವೆ. ಅವನಿಗೆ ತಿಳಿಯದ್ದು ನಮಗೆ ತಿಳಿದು, ನಾವು ಒಳಗೇ ಕುದಿಯುವಷ್ಟು ಹೊತ್ತು ಆ ಚಿತ್ರ ಕೊಡುತ್ತದೆ. ಅವಸರ ಮಾಡಿದ್ದರೆ ಅದೊಂದು ವರದಿಯಾಗುತ್ತಿತ್ತು.

ಇನ್ನೊಮ್ಮೆ ನೋಡುವುದಾದರೆ ರಜೆಯ ದಿನ ನೋಡಿ, ಮೊಬೈಲಿನಲ್ಲಿ ಬೇಡ. ಎರಡನೆಯ ದಿನ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಆ ಹೆಂಗಸು ಪಾತ್ರೆ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬರುತ್ತಾಳೆ, ಬಚ್ಚಲಿಗೆ ಹೋಗುತ್ತಾಳೆ, ಮತ್ತೆ ಅಡುಗೆಮನೆಗೇ ಬರುತ್ತಾಳೆ. ತನ್ನದೇ ಮನೆಯಲ್ಲಿ ಅದನ್ನು ಎಲ್ಲಿಡುವುದೆಂದು ಅವಳಿಗೆ ತೋಚುವುದಿಲ್ಲ.

– ಸಂಪಾದಕ