ಐಸೊಲೇಟೆಡ್ ಸಪ್ಲೈಯಲ್ಲಿ ಕಂಟ್ರೋಲರ್ ರೀಸೆಟ್: ಕಾಮನ್ ಮೋಡ್ ಕರೆಂಟ್ ನೋಡಿ

ನಿಮ್ಮ ಐಸೊಲೇಟೆಡ್ ಸಪ್ಲೈಯಲ್ಲಿ (ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ನೇರ ತಂತಿ ಸಂಪರ್ಕ ಇಲ್ಲದ ಪವರ್ ಸಪ್ಲೈ) ಔಟ್‌ಪುಟ್ ಡಿಸಿ ಸರಿಯಿದೆ, ಮಾಸ್‌ಫೆಟ್ (ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಸ್ವಿಚ್ ಆದಾಗ ಮಾತ್ರ ಸ್ಪೈಕ್ ಬಂದು ಸೆಕೆಂಡರಿ, ಅಂದರೆ ಔಟ್‌ಪುಟ್ ಕಡೆಯ ಕಂಟ್ರೋಲರ್ ರೀಸೆಟ್ ಆಗುತ್ತದೆ ಅಂದಿರಲ್ವಾ? ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ಇನ್‌ಪುಟ್ ಕಡೆಯ ವೈಂಡಿಂಗ್) ಮತ್ತು ಸೆಕೆಂಡರಿ ನಡುವಿನ ಕೆಪಾಸಿಟೆನ್ಸೇ ಇದಕ್ಕೆ ಕಾರಣ ಇರಬೇಕು. ಆ ಕೆಪಾಸಿಟೆನ್ಸ್ ಬರೀ 50 ಪಿಕೋಫ್ಯಾರಡ್ ಇದ್ದರೂ, ನ್ಯಾನೋಸೆಕೆಂಡಿಗೆ 10 ವೋಲ್ಟ್ ಏರುವ ಅಂಚಿನಲ್ಲಿ (ಸ್ವಿಚ್ ಆಗುವಾಗ ವೋಲ್ಟೇಜ್ ಜಿಗಿಯುವ ಕ್ಷಣ) ಅರ್ಧ ಆಂಪಿಯರ್ ಆಚೆ ದಾಟುತ್ತದೆ. ಎರಡೂ ಔಟ್‌ಪುಟ್ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹರಿಯುವ ಇದೇ ಕಾಮನ್ ಮೋಡ್ ಕರೆಂಟ್. ಐಸೊಲೇಷನ್ ಡಿಸಿಯನ್ನು ತಡೆಯುತ್ತದೆ, ಇದನ್ನಲ್ಲ.

ಮೊದಲು ಅಳತೆಯನ್ನೇ ಪರೀಕ್ಷಿಸಿ. ಡಿಫರೆನ್ಷಿಯಲ್ ಪ್ರೋಬ್‌ನ (ಎರಡು ಬಿಂದುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ತೋರಿಸುವ ಸ್ಕೋಪ್ ಪ್ರೋಬ್) ಎರಡೂ ತುದಿಗಳನ್ನು ಔಟ್‌ಪುಟ್ ನೆಗೆಟಿವ್‌ಗೇ ಹಾಕಿ. ಆಗಲೂ ಸ್ಪೈಕ್ ಕಂಡರೆ ಅಷ್ಟು ಭಾಗ ಪ್ರೋಬ್‌ನದ್ದು. ಸಾಮಾನ್ಯ ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ಹೈ ವೋಲ್ಟೇಜ್‌ನಲ್ಲಿ ತೇಲುತ್ತಿರುವ (ಅರ್ಥ್‌ಗೆ ಸೇರಿರದ) ಬಿಂದುವಿಗೆ ದಯವಿಟ್ಟು ಸಿಕ್ಕಿಸಬೇಡಿ. ಸ್ಕೋಪ್ ಗ್ರೌಂಡ್ ಅರ್ಥ್‌ಗೆ ಸೇರಿರುತ್ತದೆ, ಹಾಗಾಗಿ ಆ ಬಿಂದು ಅರ್ಥ್‌ಗೆ ಶಾರ್ಟ್ ಆಗುತ್ತದೆ. ಕೈಹಾಕುವ ಮೊದಲು ಕೆಪಾಸಿಟರ್‌ಗಳನ್ನು ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ.

ಆಮೇಲೆ ಪ್ರೈಮರಿ ನೆಗೆಟಿವ್ ಮತ್ತು ಔಟ್‌ಪುಟ್ ನೆಗೆಟಿವ್ ನಡುವೆ 1 ನ್ಯಾನೋಫ್ಯಾರಡ್ ವೈ1 ಕೆಪಾಸಿಟರ್ (ಐಸೊಲೇಷನ್‌ಗೆ ಅಡ್ಡಲಾಗಿ ಹಾಕಲೆಂದೇ ಮಾಡಿದ ಸೇಫ್ಟಿ ದರ್ಜೆಯದು) ಹಾಕಿ ನೋಡಿ, ದಾಟಿದ ಕರೆಂಟ್‌ಗೆ ಪ್ರೈಮರಿಗೆ ಮರಳಲು ಹತ್ತಿರದ ದಾರಿ ಸಿಗುತ್ತದೆ. ಲೀಡ್ ಆದಷ್ಟು ಗಿಡ್ಡವಿರಲಿ. ಸುಮ್ನೆ ಸಿಕ್ಕಿದ ಸೆರಾಮಿಕ್ ಬೇಡ, ಅದು ಶಾರ್ಟ್ ಆದರೆ ಐಸೊಲೇಷನ್ನೇ ಹೋಯಿತು. ನಿಮ್ಮ ಔಟ್‌ಪುಟ್ ಎಷ್ಟು ವೋಲ್ಟ್ ಮೇಲೆ ತೇಲುತ್ತದೆ ಎಂದು ನೀವು ಬರೆದಿಲ್ಲ. ಕೆಪಾಸಿಟರ್ ರೇಟಿಂಗ್ ಮೀರುವಂತಿದ್ದರೆ ಈ ಹೆಜ್ಜೆ ಬಿಡಿ, ಔಟ್‌ಪುಟ್‌ಗೆ ಕಾಮನ್ ಮೋಡ್ ಚೋಕ್ (ಈ ಕರೆಂಟನ್ನು ತಡೆಯುವ ಕಾಯಿಲ್) ಹಾಕಿ. ಮಾಸ್‌ಫೆಟ್‌ನ ಗೇಟ್‌ಗೆ (ಅದನ್ನು ಆನ್-ಆಫ್ ಮಾಡುವ ಪಿನ್) ಹೋಗುವ ರೆಸಿಸ್ಟರ್ ಸ್ವಲ್ಪ ಜಾಸ್ತಿ ಮಾಡಿದರೂ ಅಂಚು ನಿಧಾನವಾಗುತ್ತದೆ, ಆದರೆ ಮಾಸ್‌ಫೆಟ್ ಹೆಚ್ಚು ಬಿಸಿಯಾಗುತ್ತದೆ.

ಇಷ್ಟಕ್ಕೂ ನಿಲ್ಲದಿದ್ದರೆ ವೈಂಡಿಂಗ್‌ಗಳ ನಡುವೆ ತಾಮ್ರದ ಫಾಯಿಲ್ ಶೀಲ್ಡ್ ಸುತ್ತಿಸಿ, ಪ್ರೈಮರಿ ನೆಗೆಟಿವ್‌ಗೆ ಸೇರಿಸಿ. ಫಾಯಿಲ್‌ನ ಎರಡು ತುದಿ ಒಂದಕ್ಕೊಂದು ತಾಗಬಾರದು, ತಾಗಿದರೆ ಅದೇ ಶಾರ್ಟ್ ಆದ ಸುತ್ತಾಗುತ್ತದೆ.