ಬಿಟ್ಟುಕೊಟ್ಟ ದುಡ್ಡು ಎಲ್ಲಿಗೆ ಹೋಯಿತು?

ಆತ್ಮೀಯರೇ,

ನೀವು ಕಳಿಸಿದ ‘ದುಡ್ಡು ಬಿಟ್ಟವನೇ ನಾಯಕ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಕನ್ನಡದಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಬರೆಯುವವರೇ ಕಡಿಮೆ. ಅದರಲ್ಲೂ ಸಂಬಳ, ಒಪ್ಪಂದ ಅಂತ ಒಳಗಿನ ಲೆಕ್ಕಕ್ಕೆ ಕೈ ಹಾಕುವವರು ಇನ್ನೂ ಕಡಿಮೆ. ನೀವು ಕೈ ಹಾಕಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. 2024ರ ಜುಲೈನಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದ ಜೇಲನ್ ಬ್ರನ್ಸನ್ ನಾಲ್ಕು ವರ್ಷಕ್ಕೆ 156.5 ಮಿಲಿಯನ್ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ. ಇನ್ನೊಂದು ವರ್ಷ ಕಾದಿದ್ದರೆ ಸುಮಾರು 269 ಮಿಲಿಯನ್ ಸಿಗುತ್ತಿತ್ತು. ಅಂದರೆ 113 ಮಿಲಿಯನ್ ಡಾಲರ್ ತಂಡಕ್ಕಾಗಿ ತ್ಯಾಗ ಮಾಡಿದ. ಮುಂದಿನ ತಿಂಗಳೇ ಕ್ಯಾಪ್ಟನ್ ಆದ. ಇದೇ ನಾಯಕತ್ವ.

ಮೊದಲು ಒಂದು ಸಣ್ಣ ಮಾತು. ಮಿಲಿಯನ್ ಬೇಡ, ಕೋಟಿಯಲ್ಲಿ ಬರೆಯಿರಿ. 15.65 ಕೋಟಿ ಡಾಲರ್, 26.9 ಕೋಟಿ ಡಾಲರ್ ಅಂದರೆ ನಮ್ಮ ಓದುಗರ ತಲೆಯಲ್ಲಿ ತಕ್ಷಣ ಒಂದು ಅಂದಾಜು ಮೂಡುತ್ತದೆ.

ಈಗ ದೊಡ್ಡ ಮಾತಿಗೆ ಬರೋಣ. ಆ 11.3 ಕೋಟಿಯ ಲೆಕ್ಕವೇ ಸರಿಯಿಲ್ಲ. 15.65 ಕೋಟಿ ನಾಲ್ಕು ವರ್ಷದ ಸಂಬಳ. 26.9 ಕೋಟಿ ಐದು ವರ್ಷದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆದರೆ ಒಂದು ಇಡೀ ವರ್ಷದ ಸಂಬಳ ‘ತ್ಯಾಗ’ದ ಕಡೆಗೆ ಬಂದುಬಿಡುತ್ತದೆ. ಒಂದೇ ವರ್ಷ ತೆಗೆದುಕೊಂಡು ನೋಡಿ. 2025–26ರಲ್ಲಿ ಅವನ ಸಂಬಳ ಸುಮಾರು 3.5 ಕೋಟಿ. ಅವನಿಗೆ ಸಿಗಬಹುದಾಗಿದ್ದ ಗರಿಷ್ಠ ಸುಮಾರು 4.6 ಕೋಟಿ. ಬಿಟ್ಟಿದ್ದು ಆ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಜಾಸ್ತಿ. ಅದೇನು ಚಿಕ್ಕ ಮೊತ್ತವಲ್ಲ, ಉಬ್ಬಿಸುವ ಅಗತ್ಯವೇ ಇರಲಿಲ್ಲ. ಇನ್ನೊಂದು ವಿಷಯ. 2028ರಲ್ಲಿ ಅವನು ಬೇಕೆಂದರೆ ಈ ಒಪ್ಪಂದದಿಂದ ಹೊರಬರಬಹುದು. ಆಗ ಲೀಗ್‌ನಲ್ಲಿ ಅವನಿಗೆ ಹತ್ತು ವರ್ಷ ತುಂಬಿರುತ್ತದೆ, ಇನ್ನೂ ದೊಡ್ಡ ಸಂಬಳ ಕೇಳುವ ಹಕ್ಕು ಬರುತ್ತದೆ. ಇದನ್ನು ನೀವು ಬರೆದೇ ಇಲ್ಲ.

ನಿಮ್ಮ ಲೇಖನದಲ್ಲಿ ‘ತ್ಯಾಗ’ 11 ಸಲ ಬಂದಿದೆ. ‘ಗ್ಯಾರಂಟಿ’ ಒಂದೇ ಸಲ. ನನಗೆ ಕಥೆ ಇರುವುದು ಆ ಎರಡನೇ ಪದದಲ್ಲಿ ಅನ್ನಿಸುತ್ತದೆ. ಎನ್‌ಬಿಎಯಲ್ಲಿ ಹೆಚ್ಚಿನ ಒಪ್ಪಂದಗಳು ಪೂರ್ತಿ ಗ್ಯಾರಂಟಿ. ಮೊಣಕಾಲು ಹೋಗಲಿ, ತಂಡದಿಂದ ಕೈಬಿಡಲಿ, ಬರೆದ ದುಡ್ಡು ಬಂದೇ ಬರುತ್ತದೆ. ಹಾಗಿರುವಾಗ ಒಂದು ವರ್ಷ ಮೊದಲೇ ಸಹಿ ಹಾಕುವುದರಲ್ಲಿ ಬ್ರನ್ಸನ್‌ಗೂ ಲಾಭವಿತ್ತು, ಅಲ್ವಾ? ಆ ಒಂದು ವರ್ಷದಲ್ಲಿ ಕಾಲಿಗೆ ಏನಾದರೂ ಆಗಿದ್ದರೆ?

ಡೇಮಿಯನ್ ಲಿಲ್ಲರ್ಡ್‌ಗೆ ಆಗಿದ್ದು ಅದೇ. 2025ರ ಏಪ್ರಿಲ್‌ನಲ್ಲಿ ಪ್ಲೇಆಫ್ ಆಡುವಾಗ ಅವನ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಜುಲೈ ಹೊತ್ತಿಗೆ ಮಿಲ್ವಾಕೀ ಬಕ್ಸ್ ಅವನನ್ನು ಕೈಬಿಟ್ಟಿತು. ಆದರೆ ಒಪ್ಪಂದದಲ್ಲಿ ಇನ್ನೂ ಎರಡು ವರ್ಷ ಬಾಕಿ ಇತ್ತು. ಮೊತ್ತ ಹೆಚ್ಚೂಕಡಿಮೆ ನೀವು ಹೇಳುವ ಅದೇ 11.3 ಕೋಟಿ ಡಾಲರ್! ಅದನ್ನು ಐದು ವರ್ಷಕ್ಕೆ ಹಂಚಿ ಲೆಕ್ಕಕ್ಕೆ ಹಾಕಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಹಾಗಾಗಿ ತಂಡದಲ್ಲಿ ಇಲ್ಲದ ಆಟಗಾರನ ಹೆಸರಿನಲ್ಲಿ ವರ್ಷಕ್ಕೆ ಸುಮಾರು 2.25 ಕೋಟಿ ಬಕ್ಸ್ ಪುಸ್ತಕದಲ್ಲಿ ಕೂತಿರುತ್ತದೆ. ಹೊಸಬರನ್ನು ತರಬೇಕಾದ ಜಾಗವನ್ನು ಅದು ತಿನ್ನುತ್ತದೆ. ಬ್ರನ್ಸನ್ ಪಕ್ಕದಲ್ಲಿ ಲಿಲ್ಲರ್ಡ್‌ನನ್ನು ನಿಲ್ಲಿಸಿ. ಗ್ಯಾರಂಟಿ ಅನ್ನುವುದು ಆಟಗಾರನಿಗೆ ಏನು, ತಂಡಕ್ಕೆ ಏನು ಅಂತ ಆಗ ನೀವು ವಿವರಿಸಬೇಕಾಗಿಯೇ ಇಲ್ಲ.

ಸಂಬಳದ ಮಿತಿಯನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ: ‘ಪ್ರತಿ ತಂಡವೂ ಒಂದು ಮಿತಿಯೊಳಗೇ ಖರ್ಚು ಮಾಡಬೇಕು.’ ನಮ್ಮ ಓದುಗರಿಗೆ ಐಪಿಎಲ್ ಗೊತ್ತು. 2025ರ ಹರಾಜಿನಲ್ಲಿ ತಂಡಕ್ಕೆ 120 ಕೋಟಿ ರೂಪಾಯಿ ಪರ್ಸ್ ಇತ್ತು. ಪರ್ಸ್ ಖಾಲಿಯಾದರೆ ಪ್ಯಾಡಲ್ ಎತ್ತುವಂತಿಲ್ಲ. ನಿಮ್ಮ ಸಾಲು ಓದಿದವರು ಎನ್‌ಬಿಎ ಕೂಡ ಹಾಗೇ ಅಂದುಕೊಳ್ಳುತ್ತಾರೆ. ಅದು ಹಾಗಿಲ್ಲ. 1984–85ರಲ್ಲಿ 36 ಲಕ್ಷ ಡಾಲರ್‌ನಿಂದ ಶುರುವಾದ ಈ ಮಿತಿ 2025–26ಕ್ಕೆ ಸುಮಾರು 15.5 ಕೋಟಿ. ಆದರೆ ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಈ ಗೆರೆ ದಾಟಬಹುದು. ಲ್ಯಾರಿ ಬರ್ಡ್ ಹೆಸರಲ್ಲಿ ಕರೆಯುವ ವಿನಾಯಿತಿ ಅದು. ಇನ್ನೂ ಮೇಲೆ ಹೋದರೆ ದಂಡದಂಥ ತೆರಿಗೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದಲ್ಲಿ ಬಂದ ‘ಸೆಕೆಂಡ್ ಏಪ್ರನ್’ ಅನ್ನೋ ಗೆರೆ ದಾಟಿದರೆ ಕೈಯೇ ಕಟ್ಟಿಹಾಕಿದ ಹಾಗೆ. ಇಬ್ಬರು ಆಟಗಾರರನ್ನು ಬೇರೆ ತಂಡಕ್ಕೆ ಕೊಟ್ಟು, ಅವರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. 2025–26ರಲ್ಲಿ ಆ ಗೆರೆ ಇರುವುದು ಸುಮಾರು 20.8 ಕೋಟಿಯ ಹತ್ತಿರ. ಬ್ರನ್ಸನ್ ಬಿಟ್ಟ ಒಂದು ಕೋಟಿಗೆ ಬೆಲೆ ಬಂದಿದ್ದೇ ಈ ಗೆರೆಯಿಂದ. ಇದನ್ನು ಹೇಳದಿದ್ದರೆ ಆ ದುಡ್ಡು ಸುಮ್ನೆ ಮಾಲೀಕರ ಜೇಬಿಗೆ ಹೋಯಿತು ಅಂತ ಓದುಗರು ಅಂದುಕೊಂಡರೆ ತಪ್ಪೇನು?

ಪೂರ್ತಿ ಸಂಬಳ ತೆಗೆದುಕೊಳ್ಳುವವರನ್ನು ನೀವು ‘ಸ್ವಾರ್ಥಿಗಳು’ ಅಂದಿದ್ದೀರಿ. ಅದನ್ನು ತೆಗೆಯಿರಿ. ಅನ್ಯಾಯದ ಮಾತು ಅದು. ಒಬ್ಬ ಆಟಗಾರನ ಸಂಬಳಕ್ಕೂ ಮಿತಿ ಇದೆ. ಹತ್ತು ವರ್ಷ ಆಡಿದ ಎಂಥ ದೊಡ್ಡ ಸ್ಟಾರ್ ಆದರೂ ಹೊಸ ಒಪ್ಪಂದ ಸಾಮಾನ್ಯವಾಗಿ ಶುರುವಾಗುವುದು ತಂಡದ ಮಿತಿಯ ಶೇ 35ರೊಳಗೇ. ಮುಕ್ತ ಮಾರುಕಟ್ಟೆಯಲ್ಲಿ ಲೆಬ್ರಾನ್ ಜೇಮ್ಸ್‌ಗೆ ಎಷ್ಟು ಸಿಗುತ್ತಿತ್ತು ಅಂತ ಯೋಚಿಸಿ. ಅಂಥವರು ಗರಿಷ್ಠ ಸಂಬಳ ಪಡೆದಾಗಲೇ ಕಡಿಮೆ ಪಡೆದಿರುತ್ತಾರೆ.

ಹಾಗಾದರೆ ದುಡ್ಡು ಬಿಡುವುದರಲ್ಲಿ ನಾಯಕತ್ವವೇ ಇಲ್ಲವೇ? ಇದೆ. ಆದರೆ ಆ ದುಡ್ಡು ಯಾರಾಗಿ ಬದಲಾಯಿತು ಅಂತ ತೋರಿಸಿದಾಗ ಮಾತ್ರ ಕಾಣುತ್ತದೆ. ಟಿಮ್ ಡಂಕನ್‌ನನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. 2012ರಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್‌ನಲ್ಲಿ ಅವನ ಸಂಬಳ ಸುಮಾರು 2.1 ಕೋಟಿಯಿಂದ 96 ಲಕ್ಷಕ್ಕೆ ಇಳಿಯಿತು. ಅದೇ ಬೇಸಿಗೆಯಲ್ಲಿ ತಂಡ ಡ್ಯಾನಿ ಗ್ರೀನ್ ಮತ್ತು ಬೋರಿಸ್ ಡಿಯಾವ್ ಇಬ್ಬರನ್ನೂ ಉಳಿಸಿಕೊಂಡಿತು. ಮರುವರ್ಷದ ಫೈನಲ್ ಸರಣಿಯಲ್ಲಿ ಗ್ರೀನ್ 27 ತ್ರೀ ಪಾಯಿಂಟರ್ (ದೂರದಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ಹೊಡೆತ) ಹೊಡೆದ. ಆಗಿನ ದಾಖಲೆ ಅದು. ಆದರೂ ಎದುರಾಳಿ ಮಯಾಮಿ ಹೀಟ್ ಗೆದ್ದಿತು. ಏಳನೇ ಪಂದ್ಯದ ಕೊನೆಯ ನಿಮಿಷ, ಎರಡು ಪಾಯಿಂಟ್ ಹಿಂದೆ, ಡಂಕನ್ ರಿಂಗಿನ ಹತ್ತಿರದಿಂದಲೇ ಹಾಕಿದ ಚೆಂಡು ಒಳಗೆ ಬೀಳಲಿಲ್ಲ. ಅವನು ಹಿಂದಕ್ಕೆ ಓಡಿ, ಬಗ್ಗಿ, ಎರಡೂ ಅಂಗೈಯಿಂದ ನೆಲಕ್ಕೆ ಬಡಿದ. ಯಾವತ್ತೂ ಮುಖದಲ್ಲಿ ಏನೂ ತೋರಿಸದ ಮನುಷ್ಯ! 2014ರಲ್ಲಿ ಮತ್ತೆ ಅದೇ ಎರಡು ತಂಡ. ಮೂರನೇ ಪಂದ್ಯದಿಂದ ಡಿಯಾವ್‌ನನ್ನು ಮೊದಲ ಐವರಲ್ಲಿ ಇಳಿಸಿದರು. ಸ್ಪರ್ಸ್ ಉಳಿದ ಮೂರೂ ಪಂದ್ಯ ಗೆದ್ದು 4–1ರಲ್ಲಿ ಕಪ್ ಎತ್ತಿತು. ಡಂಕನ್ ಬಿಟ್ಟ ದುಡ್ಡು ಅಂಕಣದಲ್ಲಿ ಓಡಾಡುತ್ತಿತ್ತು. ಇದನ್ನು ಓದಿದವರಿಗೆ ತ್ಯಾಗ ಅನ್ನೋ ಪದ ಬೇಕಾಗುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಸಿಗದ ನಾಯಕನೂ ಒಬ್ಬ ಬೇಕು. ಮಯಾಮಿಯ ಯುಡೋನಿಸ್ ಹ್ಯಾಸ್ಲೆಮ್ ನೆನಪಿಸಿಕೊಳ್ಳಿ. ಇಪ್ಪತ್ತು ವರ್ಷ ಒಂದೇ ತಂಡ. 2016ರ ನಂತರ ಯಾವ ಸೀಸನ್‌ನಲ್ಲೂ 20 ಪಂದ್ಯ ಆಡಲಿಲ್ಲ. ಆದರೂ 15 ಜನರ ಪಟ್ಟಿಯಲ್ಲಿ ಒಂದು ಜಾಗ ಅವನಿಗೆ ಇತ್ತು. ಅಷ್ಟು ಬಿಗಿ ಲೆಕ್ಕದ ಲೀಗ್‌ನಲ್ಲಿ ಒಂದು ತಂಡ ಆ ಜಾಗವನ್ನು ಬೆಂಚಿನ ಮೇಲೆ ಕೂರುವವನಿಗೆ ಯಾಕೆ ಕೊಟ್ಟಿತು? ಇದಕ್ಕೆ ನಿಮ್ಮ ಉತ್ತರ ಓದಲು ನನಗೆ ಆಸೆ.

ಭಾಷೆಯ ಬಗ್ಗೆ ಒಂದೇ ಮಾತು. ‘ಅವನು ಮೇಜಿನ ಮೇಲೆ ಹಣವನ್ನು ಬಿಟ್ಟನು’ ಅಂತ ಬರೆದಿದ್ದೀರಿ. ಯಾವ ಮೇಜು? ‘ಬರುವ ದುಡ್ಡನ್ನು ಬೇಡ ಅಂದ’ ಅನ್ನಿ, ಸಾಕು. ಇಂಗ್ಲಿಷ್ ಲೇಖನ ಎದುರಿಗಿಟ್ಟುಕೊಂಡು ಬರೆದ ಪುಟಗಳು ಯಾವುವು ಅಂತ ಹೀಗೇ ಗೊತ್ತಾಗುತ್ತದೆ.

ನೀವೇ ಕಂಡು ಬರೆದ ಪುಟವೂ ಗೊತ್ತಾಗುತ್ತದೆ. ನಾಲ್ಕನೇ ಪುಟದಲ್ಲಿ, 2025ರ ಮೇ ತಿಂಗಳ ಆ ಬೆಳಗಿನ ಐದೂವರೆಗೆ, ಹಾಸ್ಟೆಲ್ಲಿನ ನೀರಿನ ಜಗ್‌ಗೆ ಮೊಬೈಲ್ ಒರಗಿಸಿ ಪಂದ್ಯ ನೋಡಿದ್ದು. ಬ್ರನ್ಸನ್ 43 ಪಾಯಿಂಟ್ ಹಾಕಿದರೂ ಕೊನೆಗೆ ಎದುರಾಳಿ ಇಂಡಿಯಾನಾ ಪೇಸರ್ಸ್‌ನ ಹ್ಯಾಲಿಬರ್ಟನ್ ಹೊಡೆದ ಚೆಂಡು ರಿಂಗಿಗೆ ಬಡಿದು ನೆಟ್ಟಗೆ ಮೇಲೆ ಹಾರಿ, ಮತ್ತೆ ಒಳಗೇ ಬಿದ್ದಿದ್ದು. ‘ಚೆಂಡು ಕೆಳಗೆ ಬರುವಷ್ಟರಲ್ಲಿ ಪಕ್ಕದ ಹಾಸಿಗೆಯವನು ಎದ್ದು ಕೂತಿದ್ದ’ ಅನ್ನೋ ಸಾಲು ಎಷ್ಟು ಚೆನ್ನಾಗಿದೆ! ಅದನ್ನು ಮುಟ್ಟಬೇಡಿ.

ಇನ್ನು ನಿಮ್ಮ ಪತ್ರ. ಲೇಖನದ ಜೊತೆ ಬರೆದ ಆ ನಾಲ್ಕು ಸಾಲು ನನಗೆ ಲೇಖನಕ್ಕಿಂತ ಜಾಸ್ತಿ ಹಿಡಿಸಿತು. ಕಾಲೇಜು ತಂಡದ ಕ್ಯಾಪ್ಟನ್ ನೀವು. ಟೂರ್ನಮೆಂಟಿಗೆ ಹೋಗಲು ಕೊಟ್ಟ ದುಡ್ಡು ಒಂಬತ್ತು ಜನರ ಬಸ್ ಚಾರ್ಜಿಗೆ ಮಾತ್ರ ಸಾಕಾಯಿತು. ತಂಡದಲ್ಲಿದ್ದಿದ್ದು ಹನ್ನೆರಡು ಜನ. ಯಾರನ್ನು ಬಿಡುವುದು ಅಂತ ನೀವೇ ಹೇಳಬೇಕಾಯಿತು. ಲೇಖನ ಅಲ್ಲಿಂದ ಶುರು ಮಾಡಿ. ಆ ಬಸ್ ನಿಲ್ದಾಣದಿಂದ ನೇರ ಸ್ಯಾನ್ ಆಂಟೋನಿಯೋಗೆ ಬನ್ನಿ. ಉಳಿದುಕೊಂಡ ಮೂವರಲ್ಲಿ ಯಾರಾದರೂ ನಿಮಗೆ ಏನಾದರೂ ಹೇಳಿದ್ದರೆ, ಅದನ್ನು ಇದ್ದ ಹಾಗೇ ಬರೆಯಿರಿ. ತಿಂಗಳ ಕೊನೆಯೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.